ಕ್ಯೂ5 ಡಿಎನ್‌ಎ ಪಾಲಿಮರೇಸ್: ಜೀವಕೋಶದ ಮೂರು ತಪಾಸಣೆಗಳಲ್ಲಿ ಎರಡನ್ನು ಒದಗಿಸುವ ಕಿಣ್ವ

ನ್ಯೂ ಇಂಗ್ಲೆಂಡ್ ಬಯೋಲ್ಯಾಬ್ಸ್ ಕಂಪನಿಯ ಕ್ಯೂ5 ಹೈ-ಫಿಡೆಲಿಟಿ ಡಿಎನ್‌ಎ ಪಾಲಿಮರೇಸ್ ಪಿಸಿಆರ್ (ಕಾಯಿಸಿ ತಣಿಸುವ ಸುತ್ತುಗಳಲ್ಲಿ ಡಿಎನ್‌ಎಯನ್ನು ಇಮ್ಮಡಿಸುತ್ತ ಹೋಗುವ ವಿಧಾನ) ಮಾಡುವ ಪ್ರಯೋಗಾಲಯಗಳಿಗೆ ಮಾರಾಟವಾಗುವ, ಡಿಎನ್‌ಎಯನ್ನು ನಕಲು ಮಾಡುವ ಕಿಣ್ವ. ಡಿಎನ್‌ಎಯ ಒಂದು ತುಣುಕನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸುವಾಗ ಅದರ ಅಕ್ಷರಗಳಲ್ಲಿ (ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳು) ಆದಷ್ಟು ಕಡಿಮೆ ತಪ್ಪು ನುಸುಳಬೇಕು ಎನ್ನುವವರು ಇದನ್ನು ಕೊಳ್ಳುತ್ತಾರೆ. ನಾನು ಎಂಎಸ್ಸಿ ವಿದ್ಯಾರ್ಥಿಗಳಿಗೆ ಆಣ್ವಿಕ ಜೀವವಿಜ್ಞಾನ ಕಲಿಸುವ ಪ್ರಯೋಗಾಲಯದಲ್ಲಿ ಇದು ಹಲವು ವರ್ಷಗಳಿಂದ ಬಳಕೆಯಲ್ಲಿದೆ. ಜೀನ್ ಕ್ಲೋನ್ ಮಾಡುವ, ಅಂದರೆ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೆಳೆಸುವ ಕೆಲಸಕ್ಕೆ ಇದಕ್ಕಿಂತ ನೆಚ್ಚಬಹುದಾದ ಪಾಲಿಮರೇಸನ್ನು ನಾನು ಬಳಸಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಕಿಣ್ವದ ನಿಖರತೆಯನ್ನು ಸರಿಯಾಗಿ ಬೆಲೆಕಟ್ಟಬೇಕಾದರೆ ಅದನ್ನು ಇನ್ನೊಂದು ಕಂಪನಿಯ ಕಿಣ್ವದೊಂದಿಗೆ ಹೋಲಿಸಿದರೆ ಸಾಲದು, ಇದೇ ಕೆಲಸವನ್ನು ಪ್ರತಿ ವಿಭಜನೆಯಲ್ಲೂ ಮಾಡುವ ಜೀವಕೋಶದ ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದಾಗ ಇದರ ಹಿರಿಮೆ ಎಲ್ಲಿದೆ, ಮಿತಿ ಎಲ್ಲಿದೆ ಎಂಬೆರಡೂ ಒಟ್ಟಿಗೆ ತಿಳಿಯುತ್ತವೆ.

ಮನುಷ್ಯನ ಒಂದು ಜೀವಕೋಶ ಎರಡಾಗುವ ಮುನ್ನ ಸುಮಾರು 640 ಕೋಟಿ ಅಕ್ಷರಜೋಡಿಗಳನ್ನು ನಕಲು ಮಾಡಬೇಕಾಗುತ್ತದೆ. ಕೆಲಸವೆಲ್ಲ ಮುಗಿದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದರಿಂದ ಸಾವಿರ ಕೋಟಿಗೆ ಒಂದರವರೆಗೆ ಇರುತ್ತದೆ, ಅಂದರೆ ಇಡೀ ಜೀನೋಮಿನಲ್ಲಿ ಬೆರಳೆಣಿಕೆಯಷ್ಟು. ಈ ಮಟ್ಟದ ನಿಖರತೆಯನ್ನು ಯಾವುದೇ ಒಂದು ಕಿಣ್ವ ಒಂಟಿಯಾಗಿ ಸಾಧಿಸುವುದಿಲ್ಲ. ಸರಿಯಾದ ಅಕ್ಷರವನ್ನು ಆರಿಸುವುದು, ಸೇರಿಸಿದ ಅಕ್ಷರ ತಪ್ಪಾಗಿದ್ದರೆ ಅಲ್ಲೇ ಕಿತ್ತು ಹಾಕುವುದು, ಕೊನೆಗೆ ನಕಲು ಮುಂದೆ ಸಾಗಿದ ಮೇಲೆ ಹಿಂದಿನಿಂದ ಬಂದು ಹೊಂದಿಕೆಯಾಗದ ಜೋಡಿಗಳನ್ನು ಹುಡುಕಿ ಸರಿಪಡಿಸುವುದು ಎಂಬ ಮೂರು ತಪಾಸಣೆಗಳು ಒಂದರ ಮೇಲೊಂದು ಗುಣಿಸಿಕೊಂಡಾಗ ಈ ಸಂಖ್ಯೆ ಬರುತ್ತದೆ. ಕ್ಯೂ5 ಶೀಶೆಯಲ್ಲಿ ಮೊದಲನೆಯದೂ ಎರಡನೆಯದೂ ಇವೆ, ಮೂರನೆಯದು ಇಲ್ಲ.

ಮೊದಲ ತಪಾಸಣೆಯಾದ ಆಯ್ಕೆಯ ಬಗ್ಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಅಡೆನಿನ್ ಎದುರಿಗೆ ಥೈಮಿನ್, ಗ್ವಾನಿನ್ ಎದುರಿಗೆ ಸೈಟೊಸಿನ್ ಎಂದು ಹೇಳಿ, ನಡುವೆ ಎರಡು ಅಥವಾ ಮೂರು ಹೈಡ್ರೋಜನ್ ಬಂಧಗಳನ್ನು ಗೀಚಿ ಮುಂದೆ ಹೋಗುತ್ತವೆ. ವಿದ್ಯಾರ್ಥಿಗಳು ಆ ಬಂಧಗಳೇ ಎಲ್ಲವನ್ನೂ ನಿರ್ಧರಿಸುತ್ತವೆ ಎಂದು ತಿಳಿದುಕೊಂಡು ಬರುತ್ತಾರೆ. ಬಂಧಗಳ ಶಕ್ತಿಯ ವ್ಯತ್ಯಾಸವೊಂದನ್ನೇ ನೆಚ್ಚಿಕೊಂಡರೆ ಸುಮಾರು ನೂರು ಅಕ್ಷರಗಳಿಗೆ ಒಂದು ತಪ್ಪಾಗಬೇಕಿತ್ತು. ಪಾಲಿಮರೇಸ್ ನಿಜವಾಗಿ ಅಳೆಯುವುದು ಜೋಡಿಯ ಆಕಾರವನ್ನು. ಈ ಕಿಣ್ವದ ರಚನೆ ಅರೆಮುಚ್ಚಿದ ಬಲಗೈಯನ್ನು ಹೋಲುವುದರಿಂದ ಅದರ ಭಾಗಗಳನ್ನು ಬೆರಳು, ಅಂಗೈ, ಹೆಬ್ಬೆರಳು ಎಂದೇ ಕರೆಯುತ್ತಾರೆ. ಸರಿಯಾದ ನ್ಯೂಕ್ಲಿಯೋಟೈಡ್ (ಸೇರಿಸಬೇಕಾದ ಅಕ್ಷರ) ಬಂದು ಕೂತಾಗ ಬೆರಳುಗಳು ಅದರ ಮೇಲೆ ಬಿಗಿಯಾಗಿ ಮುಚ್ಚಿಕೊಂಡು, ಅಂಗೈಯಲ್ಲಿರುವ ಮೆಗ್ನೀಸಿಯಂ ಅಯಾನುಗಳು ಬಂಧ ಕೂಡಿಸಲು ಬೇಕಾದ ಸ್ಥಾನದಲ್ಲಿ ನಿಲ್ಲುತ್ತವೆ. ಎ-ಟಿ ಜೋಡಿಯೂ ಜಿ-ಸಿ ಜೋಡಿಯೂ ಅಗಲದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನಾಲ್ಕೂ ಅಕ್ಷರಗಳಿಗೆ ಒಂದೇ ಗೂಡು ಸಾಕಾಗುತ್ತದೆ, ತಪ್ಪು ಜೋಡಿ ಮಾತ್ರ ಆ ಗೂಡಿನಲ್ಲಿ ಹಿಡಿಯುವುದಿಲ್ಲ. 1997ರಲ್ಲಿ ಎರಿಕ್ ಕೂಲ್ ಅವರ ತಂಡ ಥೈಮಿನ್‌ನ ಆಕಾರವನ್ನೇ ಹೊಂದಿದ್ದು ಹೈಡ್ರೋಜನ್ ಬಂಧವನ್ನು ಸರಿಯಾಗಿ ಕಟ್ಟಲಾರದ ಒಂದು ಕೃತಕ ಅಣುವನ್ನು ಪಾಲಿಮರೇಸಿಗೆ ಕೊಟ್ಟಿತು. ಕಿಣ್ವ ಅದನ್ನು ಅಡೆನಿನ್ ಎದುರಿಗೆ ಸರಾಗವಾಗಿ ಸೇರಿಸಿತು. ತರಗತಿಯಲ್ಲಿ ಈ ಪ್ರಯೋಗವನ್ನು ವಿವರಿಸದೆ ನಾನು ಪಿಸಿಆರ್ ಪಾಠವನ್ನು ಆರಂಭಿಸುವುದಿಲ್ಲ. ಆಕಾರದ ಈ ಆಯ್ಕೆಯಿಂದ ತಪ್ಪಿನ ಪ್ರಮಾಣ ಹತ್ತು ಸಾವಿರಕ್ಕೆ ಒಂದರಿಂದ ಲಕ್ಷಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ.

ಪಿಸಿಆರ್ ಮಾಡುವವರೆಲ್ಲ ಮೊದಲು ಕಲಿಯುವ ಟ್ಯಾಕ್ ಪಾಲಿಮರೇಸ್ ಇಷ್ಟಕ್ಕೇ ನಿಲ್ಲುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಕಂಡುಹಿಡಿದು 1969ರಲ್ಲಿ ವಿವರಿಸಿದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯದಿಂದ ಬಂದ ಈ ಕಿಣ್ವ ಬಿಸಿಯನ್ನು ತಡೆದುಕೊಳ್ಳುತ್ತದೆ, ಅಗ್ಗವಾಗಿದೆ, ಜಗಳವಿಲ್ಲದೆ ಕೆಲಸ ಮಾಡುತ್ತದೆ. ತಾನು ಸೇರಿಸಿದ ತಪ್ಪನ್ನು ಹಿಂದಿರುಗಿ ಕೀಳುವ ಶಕ್ತಿ ಮಾತ್ರ ಅದಕ್ಕಿಲ್ಲ.

ಕ್ಯೂ5 ಟ್ಯಾಕ್‌ನಿಂದ ಬೇರೆಯಾಗುವುದು ಇಲ್ಲಿಯೇ. ಎರಡನೆಯ ತಪಾಸಣೆಯನ್ನು ಕರಡು ತಿದ್ದುವಿಕೆ ಎನ್ನುತ್ತೇವೆ. ಪಾಲಿಮರೇಸ್ ಅಣುವಿನಲ್ಲಿ ಅಕ್ಷರ ಸೇರಿಸುವ ಜಾಗ ಒಂದಾದರೆ, ಅಲ್ಲಿಂದ ತುಸು ದೂರದಲ್ಲಿ ಅಕ್ಷರ ಕೀಳುವ ಎಕ್ಸೊನ್ಯೂಕ್ಲಿಯೇಸ್ ಜಾಗ ಇನ್ನೊಂದು. ತಪ್ಪು ಅಕ್ಷರ ಸೇರಿದಾಗ ಹೊಸ ಎಳೆಯ ತುದಿ ಮೂಲ ಎಳೆಗೆ ಸರಿಯಾಗಿ ಅಂಟಿಕೊಳ್ಳದೆ ಸಡಿಲವಾಗುತ್ತದೆ, ಮುಂದಿನ ಅಕ್ಷರವನ್ನು ಕೂಡಿಸುವ ವೇಗ ಬಹಳ ಕುಸಿಯುತ್ತದೆ. ಆ ತಡೆಯ ಹೊತ್ತಿನಲ್ಲಿ ಬಿಚ್ಚಿಕೊಂಡ ತುದಿ ಕೀಳುವ ಜಾಗಕ್ಕೆ ಸರಿದು, ತಪ್ಪು ಅಕ್ಷರ ಕತ್ತರಿಸಿ ಹೋಗಿ, ತುದಿ ಮರಳಿ ಸೇರಿಸುವ ಜಾಗಕ್ಕೆ ಬರುತ್ತದೆ. ತಪ್ಪನ್ನು ಪತ್ತೆ ಮಾಡಲು ಬೇರೆ ಸಂವೇದಕ ಬೇಕಿಲ್ಲ, ತಪ್ಪಿನಿಂದ ಉಂಟಾಗುವ ವಿಳಂಬವೇ ಪತ್ತೆಯ ಕೆಲಸ ಮಾಡುತ್ತದೆ. ಇ. ಕೋಲೈ ಬ್ಯಾಕ್ಟೀರಿಯದ ಮುಖ್ಯ ಪಾಲಿಮರೇಸಿನಲ್ಲಿ ಸೇರಿಸುವ ಘಟಕ ಬೇರೆ, ಕೀಳುವ ಘಟಕ ಬೇರೆ. ಮನುಷ್ಯನ ಡೆಲ್ಟಾ ಮತ್ತು ಎಪ್ಸಿಲಾನ್ ಪಾಲಿಮರೇಸುಗಳಲ್ಲಿ ಎರಡೂ ಒಂದೇ ಪ್ರೋಟೀನಿನಲ್ಲಿವೆ. ಕ್ಯೂ5 ಈ ವಿಷಯದಲ್ಲಿ ಮನುಷ್ಯನ ಕಿಣ್ವಗಳ ಮಾದರಿಯದು.

ಈ ತಿದ್ದುವಿಕೆಯ ತೂಕವೆಷ್ಟು ಎಂಬುದನ್ನು ಅದೇ ಕಂಪನಿ ಮಾರುವ ಇನ್ನೊಂದು ಜೋಡಿ ಕಿಣ್ವಗಳಿಂದ ಬಹಳ ಸ್ಪಷ್ಟವಾಗಿ ಅರಿಯಬಹುದು. ಡೀಪ್ ವೆಂಟ್ ಎಂಬ ಪಾಲಿಮರೇಸನ್ನು ಅವರು ಎರಡು ರೂಪಗಳಲ್ಲಿ ಕೊಡುತ್ತಾರೆ, ಒಂದರಲ್ಲಿ ಕೀಳುವ ಜಾಗ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಅದನ್ನು ನಿಷ್ಕ್ರಿಯಗೊಳಿಸಿರುತ್ತಾರೆ. ಆ ಕಂಪನಿಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಪ್ರತಿ ಇಮ್ಮಡಿಕೆಯಲ್ಲಿ ನಕಲಾದ ಒಂದು ಕೋಟಿ ಅಕ್ಷರಗಳಿಗೆ ತಿದ್ದುವ ರೂಪ ಮಾಡುವ ತಪ್ಪುಗಳು ಸುಮಾರು 40, ತಿದ್ದದ ರೂಪ ಮಾಡುವವು ಸುಮಾರು 5000. ಉಳಿದುದೆಲ್ಲ ಒಂದೇ ಆಗಿರುವ ಕಿಣ್ವದಲ್ಲಿ ಆ ಒಂದು ಜಾಗ ನೂರು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ. ಅದೇ ಲೆಕ್ಕದಲ್ಲಿ ಟ್ಯಾಕ್ ಕೋಟಿಗೆ 1500 ತಪ್ಪು ಮಾಡಿದರೆ, ತಿದ್ದುವ ಶಕ್ತಿಯಿರುವ ಇತರ ಪಾಲಿಮರೇಸುಗಳಾದ ಪಿಎಫ್‌ಯು 51, ಫ್ಯೂಷನ್ 39, ಕ್ಯೂ5 ಐದು ಅಥವಾ ಆರು. ಟ್ಯಾಕ್‌ಗಿಂತ 280 ಪಟ್ಟು ನಿಖರ ಎಂದು ಕಂಪನಿ ಹೇಳಿಕೊಳ್ಳುವುದು ಈ ಅಳತೆಯ ಆಧಾರದ ಮೇಲೆ. ಮಾರುವವರೇ ಮಾಡಿದ ಅಳತೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು, ಬೇರೆ ವಿಧಾನಗಳಲ್ಲಿ ಅಳೆದಾಗ ಈ ಪಟ್ಟುಗಳು ಏರುಪೇರಾಗುತ್ತವೆ. ಆದರೂ ವಿಧಾನ ಪಾರದರ್ಶಕವಾಗಿದೆ. ಅವರು ಒಂದೊಂದೇ ಅಣುವನ್ನು ಹಲವು ಸುತ್ತು ಓದಿ, ಓದುವ ಯಂತ್ರದ ತಪ್ಪನ್ನು ನಕಲಿನ ತಪ್ಪಿನಿಂದ ಬೇರ್ಪಡಿಸಿದ್ದಾರೆ. ನಮ್ಮ ಕ್ಲೋನುಗಳ ಅನುಕ್ರಮ ಓದಿಸಿದಾಗ ಕಂಡದ್ದೂ ಇದಕ್ಕೆ ವಿರುದ್ಧವಾಗಿಲ್ಲ.

ಪೆಟ್ಟಿಗೆಯಲ್ಲಿ ಬರುವುದು ಇಷ್ಟು: ಮೈಕ್ರೊಲೀಟರಿಗೆ ಎರಡು ಯೂನಿಟ್ ಸಾಂದ್ರತೆಯ ಕಿಣ್ವ, ಐದು ಪಟ್ಟು ಗಾಢವಾದ ಬಫರ್, ಮತ್ತು ಜಿ-ಸಿ ಹೆಚ್ಚಿರುವ ಡಿಎನ್‌ಎಗಾಗಿ ಪ್ರತ್ಯೇಕ ಎನ್‌ಹ್ಯಾನ್ಸರ್ ದ್ರಾವಣ. ಬಫರಿನಲ್ಲೇ ಮೆಗ್ನೀಸಿಯಂ ಸೇರಿರುವುದರಿಂದ ಬೇರೆ ಹಾಕಬೇಕಿಲ್ಲ. ಹೊಸ ಎಳೆಗೆ ಸೇರುವ ನಾಲ್ಕು ಬಗೆಯ ಅಕ್ಷರಗಳಾದ ಡಿಎನ್‌ಟಿಪಿಗಳನ್ನು ನಾವೇ ಒದಗಿಸಿಕೊಳ್ಳಬೇಕು. ಕಿಣ್ವಕ್ಕೆ ಎಸ್ಎಸ್ಒ7ಡಿ ಎಂಬ ಪುಟ್ಟ ಪ್ರೋಟೀನನ್ನು ಬೆಸೆದಿದ್ದಾರೆ. ಬಿಸಿ ಬುಗ್ಗೆಗಳಲ್ಲಿ ಬದುಕುವ ಸಲ್ಫೊಲೋಬಸ್ ಎಂಬ ಆರ್ಕಿಯದಿಂದ (ಬ್ಯಾಕ್ಟೀರಿಯಗಳಂತೆ ಕಾಣುವ ಬೇರೆಯೇ ಏಕಕೋಶ ಜೀವಿಗಳ ಗುಂಪು) ಬಂದ ಇದು ಡಿಎನ್‌ಎಯನ್ನು ಅಕ್ಷರಭೇದವಿಲ್ಲದೆ ಹಿಡಿದುಕೊಳ್ಳುತ್ತದೆ. ಜೀವಕೋಶದಲ್ಲಿ ಪಾಲಿಮರೇಸ್ ಎಳೆಯಿಂದ ಜಾರಿ ಬೀಳದಂತೆ ಉಂಗುರದಂತಹ ಕ್ಲ್ಯಾಂಪ್ ಪ್ರೋಟೀನು ಸುತ್ತುವರಿದು ಹಿಡಿದಿರುತ್ತದೆ. ಕೊಳವೆಯಲ್ಲಿ ಆ ಉಂಗುರವಿಲ್ಲ, ಅದನ್ನು ತೊಡಿಸುವ ಯಂತ್ರವೂ ಇಲ್ಲ. ಆದ್ದರಿಂದ ಬೆಸೆದ ಹಿಡಿಕೆಯೇ ಆ ಕೊರತೆಯನ್ನು ತುಂಬುತ್ತದೆ. ತಿದ್ದುವ ಕಿಣ್ವಗಳು ನಿಧಾನ ಎಂಬ ಹಳೆಯ ದೂರು ಹೀಗೆ ತಪ್ಪಿದೆ. ಟ್ಯಾಕ್‌ಗೆ ಸಾವಿರ ಅಕ್ಷರಗಳಿಗೆ ಒಂದು ನಿಮಿಷ ಕೊಡುವುದು ರೂಢಿ, ಕ್ಯೂ5 ಅದೇ ದೂರವನ್ನು 20ರಿಂದ 30 ಸೆಕೆಂಡಿನಲ್ಲಿ ಮುಗಿಸುತ್ತದೆ. ಇ. ಕೋಲೈ ತನ್ನ ಜೀನೋಮನ್ನು ಸೆಕೆಂಡಿಗೆ ಸಾವಿರದಷ್ಟು ಅಕ್ಷರಗಳ ವೇಗದಲ್ಲಿ ನಕಲು ಮಾಡುತ್ತದೆ ಎಂಬುದನ್ನು ನೆನೆದರೆ ಇದು ದೊಡ್ಡ ವೇಗವಲ್ಲ, ಆದರೆ ಪಿಸಿಆರ್ ಯಂತ್ರಕ್ಕೆ ಸರದಿ ಕಾಯುವ ವಿದ್ಯಾರ್ಥಿಗಳಿಗೆ ಉಳಿಯುವ ಸಮಯ ಸಣ್ಣದೇನಲ್ಲ.

ಬಳಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟ್ಯಾಕ್‌ನ ಅಭ್ಯಾಸವಿರುವ ಕೈಗೆ ಈ ಕಿಣ್ವ ಮೊದಲ ಸಲ ಒಗ್ಗುವುದಿಲ್ಲ. ಶೇಕಡ 50 ಗ್ಲಿಸರಾಲ್‌ನಲ್ಲಿ ಇರುವ ಕಾರಣ ಕಿಣ್ವ ಮೈನಸ್ 20 ಡಿಗ್ರಿಯಲ್ಲೂ ಗಟ್ಟಿಯಾಗದೆ ಜೇನಿನಂತೆ ಮಂದವಾಗಿರುತ್ತದೆ. ಪಿಪೆಟ್ಟಿನ ತುದಿಯನ್ನು ಆಳಕ್ಕೆ ಅದ್ದಿದರೆ ಹೊರಮೈಗೆ ಅಂಟಿಕೊಂಡು ಬರುವ ಕಿಣ್ವವೇ ಒಳಗಿರುವುದಕ್ಕಿಂತ ಹೆಚ್ಚಾಗಬಹುದು. 50 ಮೈಕ್ರೊಲೀಟರ್ ಪ್ರತಿಕ್ರಿಯೆಗೆ ಬೇಕಾದದ್ದು ಅರ್ಧ ಮೈಕ್ರೊಲೀಟರ್ ಮಾತ್ರ, ಆದ್ದರಿಂದ ದ್ರವದ ಮೇಲ್ಮೈಗೆ ತುದಿಯನ್ನು ಮುಟ್ಟಿಸಿ ನಿಧಾನವಾಗಿ ಎಳೆದುಕೊಳ್ಳಬೇಕು. ಕೊಳವೆಗೆ ಬಿಟ್ಟ ಕೂಡಲೇ ಅದು ತಳಕ್ಕೆ ಇಳಿಯುತ್ತದೆ. ಬೆಳಕಿಗೆ ಹಿಡಿದರೆ ನೀರಿನಲ್ಲಿ ಸಕ್ಕರೆಪಾಕ ಇಳಿಯುವಾಗ ಕಾಣುವಂತಹ ಒಂದು ಅಲೆಯ ಗೆರೆ ಕಾಣಿಸುತ್ತದೆ, ಆ ಗೆರೆ ಕರಗುವವರೆಗೆ ಮೆಲ್ಲಗೆ ಮೇಲೆ ಕೆಳಗೆ ಪಿಪೆಟ್ ಮಾಡಬೇಕು. ಇಷ್ಟೆಲ್ಲ ಮಂಜುಗಡ್ಡೆಯ ಮೇಲೆಯೇ ನಡೆಯಬೇಕು, ಕಿಣ್ವ ಕೊನೆಯಲ್ಲಿ ಬೀಳಬೇಕು. ಕಾರಣವೂ ತಿದ್ದುವಿಕೆಗೆ ಸಂಬಂಧಿಸಿದ್ದೇ ಆಗಿದೆ. ಕೀಳುವ ಜಾಗಕ್ಕೆ ಒಂಟಿ ಎಳೆಯ ಪ್ರೈಮರ್ (ನಕಲು ಎಲ್ಲಿಂದ ಆರಂಭವಾಗಬೇಕೆಂದು ತೋರುವ ಡಿಎನ್‌ಎಯ ಪುಟ್ಟ ತುಣುಕು) ಕೂಡ ಬಿಚ್ಚಿಕೊಂಡ ತುದಿಯಂತೆಯೇ ಕಾಣುವುದರಿಂದ, ಡಿಎನ್‌ಟಿಪಿ ಹಾಕುವ ಮೊದಲು ಕಿಣ್ವವನ್ನು ಪ್ರೈಮರುಗಳೊಂದಿಗೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟರೆ ಅದು ಪ್ರೈಮರುಗಳನ್ನೇ ಮೆಲ್ಲತೊಡಗುತ್ತದೆ. ದೊಡ್ಡ ತರಗತಿಯನ್ನು ನಿಭಾಯಿಸುವವರು ಹಾಟ್ ಸ್ಟಾರ್ಟ್ ರೂಪವನ್ನೇ ತೆಗೆದುಕೊಳ್ಳುವುದು ಲೇಸು. ಅದರಲ್ಲಿ ಅಪ್ಟಮರ್ ಎಂಬ ಅಣು ಕಿಣ್ವವನ್ನು ತಣ್ಣಗಿರುವಾಗ ತಡೆಹಿಡಿದು ಬಿಸಿಯೇರಿದಾಗ ಬಿಟ್ಟುಕೊಡುತ್ತದೆ.

ಎರಡನೆಯ ತೊಡಕು ಪ್ರೈಮರ್ ಅಂಟಿಕೊಳ್ಳುವ ಉಷ್ಣತೆಯದು. ಈ ಬಫರಿನಲ್ಲಿ ಪ್ರೈಮರುಗಳು ಟ್ಯಾಕ್‌ನ ಬಫರಿನಲ್ಲಿರುವುದಕ್ಕಿಂತ ಬಿಗಿಯಾಗಿ ಅಂಟುತ್ತವೆ. ಹಳೆಯ ರೂಢಿಯಂತೆ 55 ಡಿಗ್ರಿ ಎಂದು ಬರೆದುಕೊಂಡು ಬಂದ ವಿದ್ಯಾರ್ಥಿಗಳ ಜೆಲ್ಲಿನಲ್ಲಿ (ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಲೋಳೆಯ ಹಲಗೆ) ಬೇಕಾದ ಪಟ್ಟಿಯ ಜೊತೆಗೆ ಬೇಡದ ಹಲವು ಪಟ್ಟಿಗಳು ಮೂಡುತ್ತವೆ. ಕಂಪನಿಯ ಜಾಲತಾಣದಲ್ಲಿರುವ ಲೆಕ್ಕಾಚಾರದ ಸಾಧನದಲ್ಲಿ ಪ್ರೈಮರುಗಳ ಅನುಕ್ರಮ ಹಾಕಿ ಅದು ಹೇಳಿದ ಉಷ್ಣತೆಯನ್ನೇ ಇಟ್ಟರೆ, ಅದು 68 ಆಗಿರಲಿ 72 ಆಗಿರಲಿ, ಪಟ್ಟಿ ಒಂದೇ ಬರುತ್ತದೆ. ನಾವು ಮಣ್ಣಿನಿಂದ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಗಳ ಜೀನುಗಳ ಮೇಲೆ ಹೆಚ್ಚು ಕೆಲಸ ಮಾಡುತ್ತೇವೆ. ಇವುಗಳ ಡಿಎನ್‌ಎಯಲ್ಲಿ ಜಿ-ಸಿ ಪ್ರಮಾಣ ಶೇಕಡ 70ನ್ನು ಮೀರುವುದರಿಂದ ಎಳೆಗಳು ಸುಲಭವಾಗಿ ಬೇರೆಯಾಗುವುದಿಲ್ಲ, ಟ್ಯಾಕ್ ಅರ್ಧಕ್ಕೇ ನಿಂತುಬಿಡುತ್ತದೆ. ಎನ್‌ಹ್ಯಾನ್ಸರ್ ಸೇರಿಸಿದ ಕ್ಯೂ5 ಇಲ್ಲಿ ತೋರಿಸುವ ಸಾಮರ್ಥ್ಯಕ್ಕೆ ನನ್ನ ಮನಃಪೂರ್ವಕ ಮೆಚ್ಚುಗೆಯಿದೆ.

ನಿಖರತೆಯ ಸಂಖ್ಯೆಗಳು ಕೆಲಸದ ಮೇಜಿನ ಮೇಲೆ ಏನಾಗುತ್ತವೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಸಾವಿರ ಅಕ್ಷರಗಳ ಜೀನೊಂದನ್ನು ಇಪ್ಪತ್ತು ಸಲ ಇಮ್ಮಡಿಸಿದೆವು ಎಂದುಕೊಳ್ಳಿ. ಟ್ಯಾಕ್ ಬಳಸಿದರೆ ಒಂದು ಪ್ರತಿಗೆ ಸರಾಸರಿ ಮೂರು ತಪ್ಪುಗಳಿರುತ್ತವೆ, ಒಂದೂ ತಪ್ಪಿಲ್ಲದ ಪ್ರತಿಗಳು ನೂರಕ್ಕೆ ಐದು ಮಾತ್ರ. ಫ್ಯೂಷನ್ ಬಳಸಿದರೆ ತಪ್ಪಿಲ್ಲದವು ನೂರಕ್ಕೆ 92ರಷ್ಟು, ಕ್ಯೂ5 ಬಳಸಿದರೆ 99ರಷ್ಟು. ಜೀನ್ ಐದು ಸಾವಿರ ಅಕ್ಷರಗಳದ್ದಾದರೆ ಟ್ಯಾಕ್‌ನಿಂದ ತಪ್ಪಿಲ್ಲದ ಪ್ರತಿ ಸಿಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ಕ್ಯೂ5 ಆಗಲೂ ನೂರಕ್ಕೆ 95ರ ಹತ್ತಿರ ಇರುತ್ತದೆ. ಇದು ಬರಿಯ ಅಂಕಿಯ ಮಾತಲ್ಲ. ಟ್ಯಾಕ್‌ನಿಂದ ಮಾಡಿದ ಕ್ಲೋನಿನಿಂದ ವಿದ್ಯಾರ್ಥಿನಿಯೊಬ್ಬರು ಒಂದು ಕಿಣ್ವವನ್ನು ಚೆನ್ನಾಗಿ ಶುದ್ಧೀಕರಿಸಿದ್ದರು, ಜೆಲ್ಲಿನಲ್ಲಿ ಸರಿಯಾದ ತೂಕದ ಪಟ್ಟಿಯೂ ಇತ್ತು, ಆದರೆ ಕಿಣ್ವಕ್ಕೆ ಚಟುವಟಿಕೆಯೇ ಇರಲಿಲ್ಲ. ಅನುಕ್ರಮದ ನಕ್ಷೆಯಲ್ಲಿ ಎ ಅಕ್ಷರದ ಹಸಿರು ಶಿಖರವಿರಬೇಕಾದ ಒಂದು ಕಡೆ ಜಿ ಅಕ್ಷರದ ಕಪ್ಪು ಶಿಖರ ಸ್ವಚ್ಛವಾಗಿ ನಿಂತಿತ್ತು: ಜಿಎಸಿ ಎಂಬುದು ಜಿಜಿಸಿ ಆಗಿ, ವೇಗವರ್ಧನೆಗೆ ಬೇಕಾದ ಆಸ್ಪಾರ್ಟಿಕ್ ಆಮ್ಲದ ಜಾಗದಲ್ಲಿ ಗ್ಲೈಸಿನ್ ಬಂದಿತ್ತು. ಎ ಹೋಗಿ ಜಿ ಬರುವುದು ಟ್ಯಾಕ್ ಅತಿ ಹೆಚ್ಚಾಗಿ ಮಾಡುವ ಬಗೆಯ ತಪ್ಪು. ಶಿಖರದಲ್ಲಿ ಯಾವ ಗೊಂದಲವೂ ಇರಲಿಲ್ಲ, ಏಕೆಂದರೆ ತಟ್ಟೆಯ ಮೇಲೆ ಒಂದು ಬ್ಯಾಕ್ಟೀರಿಯ ವಸಾಹತು ಬೆಳೆಯುವುದು ಒಂದೇ ಅಣುವಿನಿಂದ, ಆ ಅಣುವಿನಲ್ಲಿದ್ದ ತಪ್ಪು ಅಲ್ಲಿ ಎಲ್ಲ ಪ್ರತಿಗಳಲ್ಲೂ ಇರುತ್ತದೆ.

ಆ ಶಿಖರವೇ ಮೂರನೆಯ ತಪಾಸಣೆಯ ವಿಷಯಕ್ಕೆ ತರುತ್ತದೆ. ತಪ್ಪು ಅಕ್ಷರ ಸೇರಿದ ಕ್ಷಣದಲ್ಲಿ ಮೂಲ ಎಳೆಯಲ್ಲಿ ಸರಿಯಾದ ಅಕ್ಷರ, ಹೊಸ ಎಳೆಯಲ್ಲಿ ತಪ್ಪು ಅಕ್ಷರ ಎದುರುಬದುರಾಗಿ ಇರುತ್ತವೆ. ಜೋಡಿ ಹೊಂದಿಕೆಯಾಗಿಲ್ಲ ಎಂಬುದು ಆಗ ಡಿಎನ್‌ಎಯನ್ನು ಮುಟ್ಟಿ ನೋಡುವ ಪ್ರೋಟೀನಿಗೆ ತಿಳಿಯುತ್ತದೆ. ಇ. ಕೋಲೈಯಲ್ಲಿ ಮ್ಯುಟ್‌ಎಸ್ ಎಂಬ ಪ್ರೋಟೀನು ಈ ಹೊಂದಿಕೆಯಾಗದ ಜೋಡಿಯನ್ನು ಹಿಡಿಯುತ್ತದೆ, ಮ್ಯುಟ್‌ಎಲ್ ಅದರ ಜೊತೆಗೂಡುತ್ತದೆ, ಮ್ಯುಟ್‌ಎಚ್ ಹೊಸ ಎಳೆಯನ್ನು ಕತ್ತರಿಸುತ್ತದೆ. ಹೊಸ ಎಳೆ ಯಾವುದು ಎಂದು ಅರಿಯುವ ಉಪಾಯ ಸೊಗಸಾಗಿದೆ. ಜಿಎಟಿಸಿ ಎಂಬ ಅನುಕ್ರಮ ಬಂದಲ್ಲೆಲ್ಲ ಬ್ಯಾಕ್ಟೀರಿಯ ಅಡೆನಿನ್‌ಗೆ ಮೀಥೈಲ್ ಗುಂಪನ್ನು ಅಂಟಿಸುತ್ತದೆ, ಆದರೆ ಹೊಸ ಎಳೆಗೆ ಅಂಟಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆ ನಡುವಿನ ಅವಧಿಯಲ್ಲಿ ಗುರುತಿಲ್ಲದ ಎಳೆಯೇ ಹೊಸದು. ಈ ವ್ಯವಸ್ಥೆಯ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಪಾಲ್ ಮಾಡ್ರಿಚ್ ಅವರು 2015ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಥಾಮಸ್ ಲಿಂಡಾಲ್ ಮತ್ತು ಅಜೀಜ್ ಸಂಜಾರ್ ಅವರೊಂದಿಗೆ ಹಂಚಿಕೊಂಡರು. ಮನುಷ್ಯರಲ್ಲಿ ಮೀಥೈಲ್ ಗುರುತಿನ ಬದಲು ಹೊಸ ಎಳೆಯಲ್ಲಿ ಇನ್ನೂ ಬೆಸೆಯದೆ ಉಳಿದ ಬಿರುಕುಗಳೂ ಕ್ಲ್ಯಾಂಪ್ ಉಂಗುರವೂ ದಾರಿ ತೋರುತ್ತವೆ. ಎಂಎಸ್‌ಎಚ್2, ಎಂಎಲ್‌ಎಚ್1 ಮೊದಲಾದ ಜೀನುಗಳಲ್ಲಿ ದೋಷವಿದ್ದು ಈ ತಪಾಸಣೆ ಕೈಕೊಟ್ಟ ಕುಟುಂಬಗಳಲ್ಲಿ ಲಿಂಚ್ ಸಿಂಡ್ರೋಮ್ ಕಾಣಿಸುತ್ತದೆ, ದೊಡ್ಡ ಕರುಳಿನ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಅವರಲ್ಲಿ ಕಡಿಮೆ ವಯಸ್ಸಿನಲ್ಲೇ ಬರುತ್ತದೆ. ಪಾಲಿಮರೇಸ್ ಎಪ್ಸಿಲಾನ್‌ನ ಅಥವಾ ಡೆಲ್ಟಾದ ಕೀಳುವ ಜಾಗವೇ ಕೆಟ್ಟರೂ ಅದೇ ಅಂಗಗಳಲ್ಲಿ ಕ್ಯಾನ್ಸರ್ ಬರುತ್ತದೆ ಎಂಬುದು 2013ರ ಹೊತ್ತಿಗೆ ತಿಳಿಯಿತು. ಎರಡು ತಪಾಸಣೆಗಳು ಬೇರೆಬೇರೆಯಾದರೂ ಒಂದನ್ನು ಕಳೆದುಕೊಂಡು ಇನ್ನೊಂದರಿಂದ ನಿಭಾಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಗಂಭೀರವಾದ ಪುರಾವೆ ಬೇಕಿಲ್ಲ.

ಪಿಸಿಆರ್ ಕೊಳವೆಯಲ್ಲಿ ಇದಾವುದೂ ಇಲ್ಲ. ಅಷ್ಟೇ ಅಲ್ಲ, ಇರಲು ಸಮಯವೂ ಇಲ್ಲ. ಮುಂದಿನ ಸುತ್ತಿನಲ್ಲಿ ಯಂತ್ರ 98 ಡಿಗ್ರಿಗೆ ಏರಿದಾಗ ಎರಡು ಎಳೆಗಳು ಬೇರೆಯಾಗುತ್ತವೆ, ತಪ್ಪು ಅಕ್ಷರವಿರುವ ಎಳೆ ತಾನೇ ಮೂಲ ಎಳೆಯಾಗುತ್ತದೆ, ಅದರ ಎದುರಿಗೆ ಕ್ಯೂ5 ಅತ್ಯಂತ ನಿಖರವಾಗಿ ಆ ತಪ್ಪಿಗೆ ಹೊಂದುವ ಅಕ್ಷರವನ್ನು ಕೂಡಿಸುತ್ತದೆ. ಅಲ್ಲಿಂದಾಚೆಗೆ ಅದು ಪರಿಪೂರ್ಣ ಜೋಡಿ, ಅದನ್ನು ತಪ್ಪೆಂದು ಗುರುತಿಸಬಲ್ಲ ಯಾವ ಪ್ರೋಟೀನೂ ಜೀವಲೋಕದಲ್ಲಿಲ್ಲ. ಕ್ಲೋನನ್ನು ಇ. ಕೋಲೈ ಒಳಗೆ ಸೇರಿಸಿದ ಮೇಲೆ ಬ್ಯಾಕ್ಟೀರಿಯ ತಿದ್ದಿಕೊಳ್ಳುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ತಿದ್ದಲು ಹೊಂದಿಕೆಯಾಗದ ಜೋಡಿಯೇ ಉಳಿದಿರುವುದಿಲ್ಲ. ಕೊನೆಯ ಸುತ್ತಿನ ಕೆಲವು ಅಣುಗಳಲ್ಲಿ ಉಳಿದಿದ್ದರೂ ಪಿಸಿಆರ್ ಮಾಡಿದ ಡಿಎನ್‌ಎಯ ಎರಡು ಎಳೆಗಳಲ್ಲೂ ಮೀಥೈಲ್ ಗುರುತಿಲ್ಲದ ಕಾರಣ ಯಾವ ಎಳೆಯನ್ನು ನಂಬಬೇಕು ಎಂಬುದು ಬ್ಯಾಕ್ಟೀರಿಯಕ್ಕೆ ತಿಳಿಯುವುದಿಲ್ಲ. ಆದ್ದರಿಂದಲೇ ಕ್ಯೂ5 ಬಳಸಿ ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನೆಲ್ಲ ಒಂದು ಸಲ ನಕಲು ಮಾಡಬಹುದಾಗಿದ್ದರೆ ಮೂರು ಸಾವಿರಕ್ಕೂ ಹೆಚ್ಚು ತಪ್ಪುಗಳು ಉಳಿಯುತ್ತಿದ್ದವು. ಟ್ಯಾಕ್ ಆಗಿದ್ದರೆ ಹತ್ತು ಲಕ್ಷಕ್ಕೆ ಸಮೀಪ. ಜೀವಕೋಶದಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಕಿಣ್ವದ ಡಬ್ಬಿಯ ಮೇಲಿನ 280 ಎಂಬ ಸಂಖ್ಯೆಯನ್ನು ಈ ಮೂರು ಸಂಖ್ಯೆಗಳ ನಡುವೆ ಇಟ್ಟು ಓದಬೇಕು ಎಂಬುದೇ ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬಯಸುವ ಮಾತು.

ಇನ್ನು ಕೆಲವು ಮಿತಿಗಳು. ಆರ್ಕಿಯಗಳ ಪಾಲಿಮರೇಸುಗಳಂತೆ ಕ್ಯೂ5 ಕೂಡ ಮೂಲ ಎಳೆಯಲ್ಲಿ ಯುರಾಸಿಲ್ ಎದುರಾದರೆ ಮುಂದೆ ಹೋಗದೆ ನಿಲ್ಲುತ್ತದೆ. ಅತಿ ಬಿಸಿಯಲ್ಲಿ ಬದುಕುವ ಜೀವಿಗಳಲ್ಲಿ ಸೈಟೊಸಿನ್ ಕೆಟ್ಟು ಯುರಾಸಿಲ್ ಆಗುವುದು ಹೆಚ್ಚು, ಅದನ್ನು ಥೈಮಿನ್ ಎಂದು ಓದಿ ತಪ್ಪನ್ನು ಮುಂದುವರಿಸುವ ಬದಲು ನಿಂತುಬಿಡುವುದು ಅವುಗಳಿಗೆ ಕ್ಷೇಮ. ನಿಖರತೆಗೆ ಇದು ಒಳ್ಳೆಯದೇ, ಆದರೆ ಸೈಟೊಸಿನ್‌ಗಳನ್ನು ಯುರಾಸಿಲ್ ಆಗಿಸುವ ಬೈಸಲ್ಫೈಟ್‌ನಿಂದ ಉಪಚರಿಸಿದ ಡಿಎನ್‌ಎಯ ಮೇಲೆ ಕೆಲಸ ಮಾಡುವವರಿಗೆ ಈ ಕಿಣ್ವ ನಿರುಪಯೋಗಿ, ಅವರಿಗಾಗಿ ಕ್ಯೂ5ಯು ಎಂಬ ಬೇರೆ ರೂಪವಿದೆ. ಬಿಸಿಯಿಂದ ಆಗುವ ಹಾನಿಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಿಣ್ವದ ತಪ್ಪು ಇಷ್ಟು ಕಡಿಮೆಯಾದಾಗ, ಪ್ರತಿ ಸುತ್ತಿನಲ್ಲಿ 98 ಡಿಗ್ರಿಗೆ ಕಾಯಿಸುವುದರಿಂದ ಡಿಎನ್‌ಎಗೆ ತಟ್ಟುವ ಪೆಟ್ಟೇ ತಪ್ಪುಗಳ ದೊಡ್ಡ ಮೂಲವಾಗುತ್ತದೆ. ಸುತ್ತುಗಳ ಸಂಖ್ಯೆಯನ್ನು ಅನಗತ್ಯವಾಗಿ 35ಕ್ಕೆ ಏರಿಸದೆ, ಮೂಲ ಡಿಎನ್‌ಎಯನ್ನು ಸ್ವಲ್ಪ ಹೆಚ್ಚು ಹಾಕಿ 25ಕ್ಕೆ ನಿಲ್ಲಿಸುವುದು ಒಳ್ಳೆಯ ಅಭ್ಯಾಸ.

ಡಿಎನ್‌ಟಿಪಿಗಳ ವಿಷಯದಲ್ಲಿ ಉದಾಸೀನ ಮಾಡುವವರನ್ನು ಹೆಚ್ಚು ಕಾಣುತ್ತೇನೆ. ಸೇರಿಸುವ ಜಾಗ ಮತ್ತು ಕೀಳುವ ಜಾಗಗಳ ನಡುವಿನ ಸಮತೋಲನವನ್ನು ನಿರ್ಧರಿಸುವುದು ಡಿಎನ್‌ಟಿಪಿಗಳ ಸಾಂದ್ರತೆ. ಅದು ಅತಿಯಾದರೆ ತಪ್ಪು ಅಕ್ಷರದ ಮೇಲೆಯೇ ಮುಂದಿನ ಅಕ್ಷರ ಬೇಗ ಕೂತು ತಿದ್ದಲು ಅವಕಾಶ ಸಿಗುವುದಿಲ್ಲ, ತೀರಾ ಕಡಿಮೆಯಾದರೆ ಕಿಣ್ವ ಕಟ್ಟುವುದಕ್ಕಿಂತ ಹೆಚ್ಚು ಕೀಳುತ್ತದೆ, ನಾಲ್ಕರಲ್ಲಿ ಒಂದು ಹೆಚ್ಚುಕಡಿಮೆಯಾದರೆ ತಪ್ಪು ಆಯ್ಕೆ ಹೆಚ್ಚುತ್ತದೆ. ಜೀವಕೋಶ ಇದೇ ಕಾರಣಕ್ಕೆ ರೈಬೊನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬ ಕಿಣ್ವವನ್ನು ಬಹಳ ಬಿಗಿಯಾಗಿ ನಿಯಂತ್ರಿಸಿ ನಾಲ್ಕನ್ನೂ ಹದದಲ್ಲಿಡುತ್ತದೆ. ಪದೇ ಪದೇ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ ಹಳೆಯ ಡಿಎನ್‌ಟಿಪಿಯನ್ನು ಇಷ್ಟು ಬೆಲೆಯ ಕಿಣ್ವಕ್ಕೆ ಹಾಕುವುದು ಸರಿಯಲ್ಲ. ಸಣ್ಣ ಸಣ್ಣ ಕೊಳವೆಗಳಲ್ಲಿ ಹಂಚಿಟ್ಟುಕೊಂಡು ಒಂದೊಂದನ್ನೇ ತೆಗೆಯಬೇಕು.

ಟಿಎ ಕ್ಲೋನಿಂಗ್ (ತುದಿಯ ಹೆಚ್ಚುವರಿ ಅಡೆನಿನ್ ಅನ್ನು ಥೈಮಿನ್‌ಗೆ ಜೋಡಿಸುವ ವಿಧಾನ) ಮಾಡುವವರು ಇನ್ನೊಂದನ್ನು ತಿಳಿದಿರಬೇಕು. ಟ್ಯಾಕ್ ತುದಿಯಲ್ಲಿ ಒಂದು ಹೆಚ್ಚುವರಿ ಅಡೆನಿನ್ ಬಿಡುತ್ತದೆ, ಕ್ಯೂ5 ಬಿಡುವುದಿಲ್ಲ, ಅದರ ತುದಿಗಳು ಮೊಂಡು. ಪಿಸಿಆರ್ ಆದ ಮೇಲೆ ಟ್ಯಾಕ್ ಸೇರಿಸಿ ಅಡೆನಿನ್ ಅಂಟಿಸಬಹುದು, ಆದರೆ ಅದಕ್ಕೆ ಮುನ್ನ ಕಾಲಮ್ ಮೂಲಕ ಕ್ಯೂ5 ಅನ್ನು ಪೂರ್ತಿ ತೆಗೆಯದಿದ್ದರೆ ಅಂಟಿಸಿದ ಅಡೆನಿನ್‌ಗಳನ್ನು ಅದು ಕಿತ್ತುಹಾಕುತ್ತದೆ.

ಬೆಲೆ ಟ್ಯಾಕ್‌ಗಿಂತ ಹಲವು ಪಟ್ಟು ಹೆಚ್ಚು. ಸರ್ಕಾರಿ ಅನುದಾನದಲ್ಲಿ ನಡೆಯುವ ಪ್ರಯೋಗಾಲಯಗಳಿಗೆ ಇದು ಹಗುರವಾದ ವಿಷಯವಲ್ಲ, ಜೊತೆಗೆ ನಮ್ಮಂತಹ ಕಡೆ ಕೊಟೇಶನ್, ಖರೀದಿ ಆದೇಶ, ಸರಬರಾಜುದಾರರ ದಾಸ್ತಾನು ಎಲ್ಲವನ್ನೂ ದಾಟಿ ಪೆಟ್ಟಿಗೆ ಕೈಗೆ ಬರುವುದಕ್ಕೆ ವಾರಗಳೇ ಹಿಡಿಯುತ್ತವೆ. ಒಮ್ಮೆ ಸರಬರಾಜುದಾರರೊಬ್ಬರಿಂದ ಬಂದ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪೊಟ್ಟಣಗಳು ಪೂರ್ತಿ ಕರಗಿ ಬೆಚ್ಚಗಾಗಿದ್ದವು. ಆ ಕಿಣ್ವ ಅನಂತರ ಕೆಲಸ ಮಾಡಿತಾದರೂ ಇಳುವರಿ ಮೊದಲಿನಷ್ಟಿರಲಿಲ್ಲ. ಪೆಟ್ಟಿಗೆ ಬಂದ ಕೂಡಲೇ ತೆರೆದು, ಒಳಗಿನ ಸ್ಥಿತಿಯ ಚಿತ್ರ ತೆಗೆದು, ಅಂದೇ ಬರವಣಿಗೆಯಲ್ಲಿ ದೂರು ಕೊಡಿ. ಫ್ರೀಜರ್ ಬಾಗಿಲಿನ ಬದಿಯಲ್ಲಿ ಇಡದೆ ಒಳಗಿನ ಮೂಲೆಯಲ್ಲಿ, ಶೀತ ಹಿಡಿದಿಡುವ ಕಟ್ಟೆಯಲ್ಲಿಟ್ಟರೆ ವಿದ್ಯುತ್ ಹೋದ ಹೊತ್ತಿನಲ್ಲೂ ಕಿಣ್ವ ಸುರಕ್ಷಿತ.

ಎಲ್ಲ ಕೆಲಸಕ್ಕೂ ಇದು ಬೇಕಿಲ್ಲ. ವಸಾಹತಿನಲ್ಲಿ ಜೀನ್ ಇದೆಯೋ ಇಲ್ಲವೋ ಎಂದು ನೋಡಲು, ಪದವಿ ತರಗತಿಗೆ ಪಿಸಿಆರ್ ತೋರಿಸಲು, ಪಟ್ಟಿಯ ಉದ್ದ ಅಳೆಯಲು ಟ್ಯಾಕ್ ಧಾರಾಳವಾಗಿ ಸಾಕು. ಜೀನನ್ನು ಕ್ಲೋನ್ ಮಾಡಿ ಪ್ರೋಟೀನ್ ತಯಾರಿಸುವವರು, ಒಂದು ಅಕ್ಷರವನ್ನು ಬೇಕೆಂದೇ ಬದಲಿಸಿ ಪರಿಣಾಮ ನೋಡುವವರು, ಅಪರೂಪದ ರೂಪಾಂತರಗಳನ್ನು ಹುಡುಕಲು ಸೀಕ್ವೆನ್ಸಿಂಗ್ ಮಾಡಿಸುವವರು ಕ್ಯೂ5 ಅಥವಾ ಅದರ ಹತ್ತಿರದ ಮಟ್ಟದ ಕಿಣ್ವವನ್ನೇ ಕೊಳ್ಳಬೇಕು. ಅನುದಾನ ಕಡಿಮೆಯಿದ್ದು, ಜೀನ್ ಒಂದೂವರೆ ಸಾವಿರ ಅಕ್ಷರಗಳ ಒಳಗಿದ್ದರೆ ಪಿಎಫ್‌ಯು ಅಥವಾ ಫ್ಯೂಷನ್ ಕೂಡ ಗೌರವಯುತವಾದ ಆಯ್ಕೆಗಳು. ಮೊದಲ ಸಲ ಕೊಳ್ಳುವವರು 100 ಯೂನಿಟ್‌ನ ಸಣ್ಣ ಪೊಟ್ಟಣದಿಂದ ಆರಂಭಿಸಲಿ, 50 ಮೈಕ್ರೊಲೀಟರ್ ಪ್ರತಿಕ್ರಿಯೆಗೆ ಒಂದು ಯೂನಿಟ್ ಸಾಕಾಗುವುದರಿಂದ ಅದರಲ್ಲಿ ನೂರು ಪ್ರತಿಕ್ರಿಯೆಗಳಾಗುತ್ತವೆ, 25 ಮೈಕ್ರೊಲೀಟರಿಗೆ ಇಳಿಸಿದರೆ ಇನ್ನೂರು. ಉಳಿತಾಯವಾದ ಹಣದಲ್ಲಿ ಪ್ರತಿಯೊಂದು ಕ್ಲೋನಿಂಗಿನಿಂದ ಎರಡು ಮೂರು ವಸಾಹತುಗಳನ್ನು ಆರಿಸಿ, ಜೀನನ್ನು ಎರಡೂ ತುದಿಗಳಿಂದ ಪೂರ್ತಿಯಾಗಿ ಓದಿಸಬೇಕು. ಮೂರನೆಯ ತಪಾಸಣೆ ಶೀಶೆಯಲ್ಲಿ ಬಾರದಿರುವುದರಿಂದ ಅದನ್ನು ಮಾಡುವ ಹೊಣೆ ಕೊಂಡವರದು.